ಮನುಷ್ಯರ ಚಿತ್ರವನ್ನು ಬರೆಯಲು ಕಲಿಯುವ ಬಗೆ

ಮರ, ಮನೆ, ಗುಡ್ಡ, ಹೊಳೆ ಇವುಗಳ ಚಿತ್ರವನ್ನು ಬರೆಯಲು ಮಕ್ಕಳು ಹಿಂಜರಿಯುವುದಿಲ್ಲ. ಮರದ ಕೊಂಬೆಯೊಂದು ಒಂದಂಗುಲ ಆಚೀಚೆ ಸರಿದರೂ ಅದು ಮರವೇ. ಆದರೆ ಮುಖದಲ್ಲಿ ತುಟಿಯ ಅಂಚು ಒಂದು ಜೋಳದ ಕಾಳಿನಷ್ಟು ಸರಿದರೆ ಸಾಕು, ನಗುವವನು ಅಳುವವನಾಗುತ್ತಾನೆ. ಅಣ್ಣನ ಚಿತ್ರವು ಅಪರಿಚಿತನ ಚಿತ್ರವಾಗುತ್ತದೆ. ಆದಕಾರಣ ಈ ಅಭ್ಯಾಸವು ಕಠಿಣವೆನಿಸಿದೆ. ಅದನ್ನು ಕಲಿಯುವ ಕ್ರಮವೆಂತಹದು, ಅದರಿಂದ ದೊರೆಯುವ ಲಾಭವೇನು ಎಂಬುದನ್ನು, ಸೊಲ್ಲಾಪುರದಲ್ಲಿ ಕನ್ನಡ ಅಕ್ಷರಗಳನ್ನು ಕಲಿತು ಬಳಿಕ ಮುಂಬಯಿಯ ಚಿತ್ರಶಾಲೆಯೊಂದರಲ್ಲಿ ಅಭ್ಯಾಸ ಮಾಡಿದ ನಾವು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಎಳೆಯರು ಮುಖವನ್ನು ಬರೆಯುವಾಗ ಸಾಮಾನ್ಯವಾಗಿ ಕಣ್ಣುಗಳನ್ನು ಹಣೆಯ ಎತ್ತರದಲ್ಲಿ ಇಡುತ್ತಾರೆ. ಇದು ಕೈಯ ದೋಷವಲ್ಲ. ಒಬ್ಬರೊಡನೆ ಮಾತನಾಡುವಾಗ ನಮ್ಮ ಲಕ್ಷ್ಯವೆಲ್ಲ ಕಣ್ಣು ಬಾಯಿಗಳ ಮೇಲಿರುತ್ತದೆ. ಹಣೆಯನ್ನೂ ನೆತ್ತಿಯನ್ನೂ ಯಾರೂ ಗಮನಿಸುವುದಿಲ್ಲ. ಮನಸ್ಸು ಗಮನಿಸದ ಭಾಗವನ್ನು ಕೈ ಕಿರಿದಾಗಿಸುತ್ತದೆ. ಅಳೆದು ನೋಡಿದರೆ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಹೆಚ್ಚುಕಡಿಮೆ ನಟ್ಟನಡುವೆ ಇರುತ್ತವೆ. ಎರಡು ಕಣ್ಣುಗಳ ನಡುವಣ ಅಂತರವು ಸುಮಾರು ಒಂದು ಕಣ್ಣಿನ ಅಗಲದಷ್ಟು. ಬೆಳೆದ ಮನುಷ್ಯನ ಎತ್ತರವು ಅವನ ತಲೆಯ ೭ ಅಥವಾ ೭½ ಪಟ್ಟಿದ್ದರೆ, ಆಗತಾನೇ ಹುಟ್ಟಿದ ಶಿಶುವಿನದು ಸುಮಾರು ೪ ಪಟ್ಟು ಮಾತ್ರ. ಆದುದರಿಂದ ದೊಡ್ಡವರ ಆಕಾರವನ್ನೇ ಚಿಕ್ಕದಾಗಿಸಿ ಬರೆದರೆ ಮಗುವಿನ ಚಿತ್ರವಾಗದು. ವಿದ್ಯಾರ್ಥಿಗಳು ಕನ್ನಡಿಯ ಮುಂದೆ ನಿಂತು, ಮನೆಯ ತೊಟ್ಟಿಲ ಕೂಸನ್ನು ನೋಡಿ, ಇವನ್ನೆಲ್ಲ ತಾವೇ ಪರೀಕ್ಷಿಸಬಹುದು.

ಈ ಪ್ರಮಾಣಗಳ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವಿದೆ. ಅಲ್ಲಿ ೧೨ ಅಂಗುಲಗಳಿಗೆ ಒಂದು ತಾಲವೆಂದು ಎಣಿಸಿ, ಹಂಸನೆಂಬ ಪುರುಷನ ಎತ್ತರವನ್ನು ೧೦೮ ಅಂಗುಲ, ಎಂದರೆ ೯ ತಾಲ, ಎಂದು ಹೇಳಿದೆ. ನೃತ್ಯವನ್ನರಿಯದವನಿಗೆ ಚಿತ್ರದ ಮರ್ಮವು ತಿಳಿಯುವುದು ಕಷ್ಟವೆಂಬ ಮಾತೂ ಅಲ್ಲಿದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಜನಿಸಿ, ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲಕಾಲ ಅಧ್ಯಾಪಕರಾಗಿದ್ದ ಕೆ. ಕೆ. ಹೆಬ್ಬಾರರು ಲಯದ ಅರಿವಿಗಾಗಿ ಕಥಕ್ ನೃತ್ಯವನ್ನೇ ಅಭ್ಯಸಿಸಿದರು. ೧೯೯೬ರಲ್ಲಿ ದಿವಂಗತರಾದ ಈ ಕಲಾವಿದರ ಚಿತ್ರಗಳಲ್ಲಿ ಕೆಲವೇ ರೇಖೆಗಳು ಕುಣಿಯುವ ದೇಹವನ್ನು ಕಣ್ಮುಂದೆ ನಿಲ್ಲಿಸುತ್ತವೆ.

ನಾವು ಕಲಿತ ಶಾಲೆಯಲ್ಲಿ ಮೊದಲು ಪ್ಲಾಸ್ಟರಿನ ಪ್ರತಿಮೆಗಳನ್ನು ನೋಡಿ ಬರೆಯಬೇಕಾಗಿತ್ತು. ಪ್ರತಿಮೆಯು ಅಲುಗದು, ಅದರ ಮೇಲೆ ಬೀಳುವ ಬೆಳಕೂ ನೆರಳೂ ನಿಂತಲ್ಲಿಯೇ ನಿಲ್ಲುತ್ತವೆ. ಅದರಲ್ಲಿ ಕೈ ಪಳಗಿದ ಮೇಲೆ ಜೀವಂತ ವ್ಯಕ್ತಿಯನ್ನು ಎದುರಿಗೆ ಕೂಡಿಸುತ್ತಿದ್ದರು. ತೋಳನ್ನು ನೀಳವಾಗಿ ಚಾಚಿ, ಒಂದು ಕಣ್ಣನ್ನು ಮುಚ್ಚಿ, ಹಿಡಿದ ಪೆನ್ಸಿಲಿನ ಮೇಲೆ ಹೆಬ್ಬೆರಳನ್ನು ಸರಿಸಿ ತಲೆಯ ಉದ್ದವನ್ನು ಗುರುತಿಸಿಕೊಳ್ಳುವುದು; ಅದೇ ಅಳತೆಯಿಂದ ಉಳಿದ ಅಂಗಗಳನ್ನು ಎಣಿಸುವುದು; ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟು ಕಿವಿಯ ನೇರಕ್ಕೆ ಹಿಮ್ಮಡಿ ಬರುವುದೋ ಇಲ್ಲವೋ ಎಂದು ನೋಡುವುದು: ಇವು ಮೊದಲ ಪಾಠಗಳು. ಇವನ್ನು ತೀರಿಸಿದ ಮೇಲೆಯೇ ಇದ್ದಲಿನ ಕಡ್ಡಿಯಿಂದ ನೆರಳು ತುಂಬುವ ಕೆಲಸ.

ಎದುರಿಗೆ ಕುಳಿತುಕೊಳ್ಳುವವರ ಶ್ರಮವು ಸಾಮಾನ್ಯವಾದುದಲ್ಲ. ಅಲುಗದೆ ಅರ್ಧ ಗಂಟೆ ಕುಳಿತು ನೋಡಿದವರಿಗೆ ಅದು ತಿಳಿದೀತು. ನಮ್ಮ ವರ್ಗಕ್ಕೆ ವೃದ್ಧ ಗೌಂಡಿಯೊಬ್ಬರು ಬರುತ್ತಿದ್ದರು. ಬಿಡುವಿನ ವೇಳೆಯಲ್ಲಿ ಅವರು ಎದ್ದು ಬಂದು ಒಂದೊಂದು ಚಿತ್ರದ ಮುಂದೆಯೂ ನಿಲ್ಲುತ್ತಿದ್ದರು. ಮುಖವು ಹೋಲುವುದೋ ಇಲ್ಲವೋ ಎಂಬ ಚಿಂತೆ ಅವರಿಗಿರಲಿಲ್ಲ, ಕೈಗಳನ್ನೇ ನೋಡುತ್ತಿದ್ದರು. ನೀಳವಾದ ನುಣುಪು ಬೆರಳುಗಳನ್ನು ಕಂಡರೆ, ಈ ಕೈ ಕಲ್ಲನ್ನು ಎತ್ತಲಾರದು ಎಂದು ನಗುತ್ತಿದ್ದರು. ಗಂಟುಬಿದ್ದ ಬೆರಳು, ಸವೆದ ಉಗುರು, ಸುಣ್ಣ ತಿಂದು ಒರಟಾದ ಅಂಗೈ ಇವೇ ಅವರ ಆಯುಷ್ಯದ ಕಥೆ. ಆ ನಗುವಿನಿಂದ ವರ್ಗದವರೆಲ್ಲರೂ ಕಲಿತದ್ದು ಬಹಳ. ಒಬ್ಬ ಮನುಷ್ಯನನ್ನು ಸುಂದರನನ್ನಾಗಿ ಮಾಡುವುದು ಅವನಿಗೆ ತೋರುವ ಗೌರವವಲ್ಲ. ಅವನು ಇದ್ದಂತೆ ಅವನನ್ನು ಕಾಣುವುದೇ ಗೌರವ.

ಬಣ್ಣದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಮೈಬಣ್ಣವೆಂಬ ಒಂದೇ ಬಣ್ಣವಿಲ್ಲ. ಕಾವಿ, ಹಳದಿ ಮಣ್ಣಿನ ಬಣ್ಣ, ಕಂದು ಇವುಗಳ ಬೆರಕೆಯಲ್ಲಿ ಕೆನ್ನೆಯೊಂದು ತೆರ, ಹಣೆಯೊಂದು ತೆರ. ನೆರಳಿನಲ್ಲಿ ನೀಲಿ ಹಸಿರುಗಳ ಛಾಯೆಯೂ ಸುಳಿಯುತ್ತದೆ. ಕಪ್ಪು ಮೈಯವರನ್ನು ಬರೆಯಲು ಬಣ್ಣಕ್ಕೆ ಬರಿಯ ಕಪ್ಪನ್ನು ಬೆರೆಸಿದರೆ ಚಿತ್ರವು ಮಸಿಯಾಗುವುದೇ ಹೊರತು ಜೀವ ತಳೆಯದು.

ಶಾಲೆಯ ಹೊರಗಿನ ಅಭ್ಯಾಸವೂ ಅಷ್ಟೇ ಮುಖ್ಯವಾದುದು. ಸಂತೆಯಲ್ಲಿ ತಕ್ಕಡಿ ಹಿಡಿದವಳು, ರೈಲು ನಿಲ್ದಾಣದಲ್ಲಿ ಗಂಟಿನ ಮೇಲೆ ತಲೆಯಿಟ್ಟು ಮಲಗಿದವನು, ಮಗ್ಗದ ಮುಂದೆ ಬಾಗಿದ ನೇಕಾರ, ಇವರನ್ನು ಒಂದೆರಡು ನಿಮಿಷಗಳಲ್ಲಿ ಹತ್ತಾರು ಗೆರೆಗಳಿಂದ ಹಿಡಿಯಬೇಕು. ಸಂಕ್ರಾಂತಿಯ ಸಮಯದಲ್ಲಿ ನಡೆಯುವ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ೭ ನಂದೀಧ್ವಜಗಳನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಧ್ವಜವನ್ನು ಹಿಡಿದು ನಡೆಯುವವನ ಬೆನ್ನು ಯಾವ ಕಡೆಗೆ ಬಾಗಿದೆ, ಭಾರವು ಯಾವ ಕಾಲಿನ ಮೇಲೆ ಬಿದ್ದಿದೆ ಎಂಬುದನ್ನು ಗುರುತಿಸಿದರೆ ಚಿತ್ರದ ಅರ್ಧ ಕೆಲಸ ಮುಗಿದಂತೆ. ಆದರೆ ಒಂದು ಎಚ್ಚರವಿರಲಿ: ಹತ್ತಿರ ಕುಳಿತು ಒಬ್ಬರ ಮುಖವನ್ನು ಬರೆಯುವ ಮೊದಲು ಅವರ ಅಪ್ಪಣೆಯನ್ನು ಕೇಳಬೇಕು; ಬೇಡವೆಂದರೆ ಪುಸ್ತಕವನ್ನು ಮುಚ್ಚಬೇಕು.

ಚಿತ್ರ ಬರೆದರೆ ಹೊಟ್ಟೆ ತುಂಬುವುದೇ ಎಂದು ಪಾಲಕರು ಕೇಳುವುದುಂಟು. ಈ ಪ್ರಶ್ನೆ ಅನುಚಿತವಾದುದಲ್ಲ. ಚಿತ್ರಕಲೆಯನ್ನು ಕಲಿತವರೆಲ್ಲರೂ ಅದರಿಂದಲೇ ಜೀವಿಸುವರೆಂದು ನಾವು ಹೇಳಲಾರೆವು. ಪುಸ್ತಕಗಳಿಗೆ ಚಿತ್ರ ಬರೆಯುವುದು, ಬಟ್ಟೆಗಳಿಗೆ ವಿನ್ಯಾಸ ರಚಿಸುವುದು, ಶಾಲೆಗಳಲ್ಲಿ ಕಲಿಸುವುದು ಮುಂತಾದ ಉದ್ಯೋಗಗಳುಂಟು. ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೇಟ್ ಚಿತ್ರಕಲಾ ಪರೀಕ್ಷೆಗಳಿಗೆ ಶಾಲೆಯಲ್ಲಿದ್ದಾಗಲೇ ಕೂಡಬಹುದು. ಆದರೆ ಮುಂದೆ ವೈದ್ಯನಾಗಲಿ, ಶಿಕ್ಷಕನಾಗಲಿ, ವ್ಯಾಪಾರಿಯಾಗಲಿ ಆಗುವ ಬಾಲಕನೂ, ಅಂತೆಯೇ ಬಾಲಿಕೆಯೂ, ಎದುರಿಗಿರುವ ಮನುಷ್ಯನನ್ನು ಅವಸರವಿಲ್ಲದೆ ನೋಡಲು ಕಲಿತರೆ ಅದು ವ್ಯರ್ಥವಾಗದು. ಅದಕ್ಕೆ ಬೇಕಾದುದು ಒಂದು ಪೆನ್ಸಿಲು, ಕೆಲವು ಹಾಳೆಗಳು, ದಿನಕ್ಕೆ ಅರ್ಧ ಗಂಟೆ. ಮನೆಯಲ್ಲಿ ಅಜ್ಜಿ ಕಾಳು ಹಸನು ಮಾಡಲು ಕುಳಿತಾಗ ಮಗುವು ಹಾಳೆ ಹಿಡಿದು ಎದುರಿಗೆ ಕುಳಿತರೆ ಪಾಲಕರು ಅದನ್ನು ಗದರಿಸಿ ಎಬ್ಬಿಸದಿರಲಿ ಎಂಬುದೇ ನಮ್ಮ ವಿನಂತಿ.