ಹಂದಿಯ ಮೊಗ, ದೈವದ ನುಡಿ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳು ಪಶ್ಚಿಮ ಘಟ್ಟದ ತಪ್ಪಲಿಗೆ ಹೊಂದಿಕೊಂಡಿವೆ. ಗುಡ್ಡದ ಮೇಲೆ ಕಾಡು, ಇಳಿಜಾರಿನಲ್ಲಿ ಅಡಕೆಯ ತೋಟ, ತಗ್ಗಿನಲ್ಲಿ ಬತ್ತದ ಗದ್ದೆ. ಇಲ್ಲಿಯ ಕೃಷಿಕನಿಗೆ ಕಾಡುಹಂದಿಯು ಒಂದೇ ಇರುಳಿನಲ್ಲಿ ಬೆಳೆಯನ್ನೆಲ್ಲ ಅಗೆದು ಹಾಳುಮಾಡಬಲ್ಲ ಶತ್ರು. ಅದೇ ಹಂದಿಗೆ ಅವನು ಕೈಮುಗಿಯುವುದೂ ಉಂಟು. ಆಗ ಅದರ ಹೆಸರು ಪಂಜುರ್ಲಿ. ತುಳುವಿನಲ್ಲಿ ‘ಪಂಜಿ’ ಎಂದರೆ ಹಂದಿ.

2022ರಲ್ಲಿ ತೆರೆಕಂಡ, ರಿಷಬ್ ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ‘ಕಾಂತಾರ’ ಚಲನಚಿತ್ರದಿಂದ ಈ ದೈವದ ರೂಪವು ತುಳುನಾಡನ್ನು ಕಾಣದವರಿಗೂ ಪರಿಚಿತವಾಯಿತು. ಶಶಿರಾಜ್ ಕಾವೂರು ಬರೆದು, ಅಜನೀಶ್ ಲೋಕನಾಥ್ ಸಂಗೀತ ನೀಡಿ, ಸಾಯಿ ವಿಘ್ನೇಶ್ ಹಾಡಿದ ‘ವರಾಹ ರೂಪಂ’ ಗೀತೆಯು ಮನೆಮನೆಗಳಲ್ಲಿ ಕೇಳಿಬಂದಿತು. ಹೆಸರನ್ನು ಕೇಳಿದ ಅನೇಕರು ಇದು ವಿಷ್ಣುವಿನ ಮೂರನೆಯ ಅವತಾರದ ಸ್ತುತಿಯೆಂದೇ ಬಗೆದರು. ಅದು ತೀರ ತಪ್ಪೆನ್ನಲಾಗದು. ಪುರಾಣದ ವರಾಹನು ಭೂಮಿಯನ್ನೆತ್ತಿ ಉಳಿಸಿದವನು, ಪಂಜುರ್ಲಿಯೂ ಭೂಮಿಯನ್ನು ಕಾಯುವ ದೈವ. ಆದರೆ ಅಷ್ಟಕ್ಕೇ ನಿಂತರೆ ತುಳುವರ ಕಥೆಯೇ ಮರೆಯಾಗುತ್ತದೆ.

ಆ ಕಥೆ ಪಾಡ್ದನದಲ್ಲಿದೆ. ತೆಂಬರೆಯನ್ನು ಬಡಿಯುತ್ತ ಹಾಡುವ ತುಳುವಿನ ಕಥನಗೀತಕ್ಕೆ ಪಾಡ್ದನವೆಂದು ಹೆಸರು. ಪಂಜುರ್ಲಿಯ ಪಾಡ್ದನಕ್ಕೆ ಹಲವು ಪಾಠಗಳುಂಟು. ಅವುಗಳಲ್ಲೊಂದರ ಪ್ರಕಾರ, ಪಾರ್ವತಿಯು ಒಂದು ಹಂದಿಮರಿಯನ್ನು ಮುದ್ದಿನಿಂದ ಸಾಕುತ್ತಾಳೆ. ಬೆಳೆದ ಮರಿ ಈಶ್ವರನ ತೋಟವನ್ನೇ ಧ್ವಂಸಮಾಡುತ್ತದೆ. ಕೊಲ್ಲಹೊರಟ ಈಶ್ವರನನ್ನು ಪಾರ್ವತಿ ತಡೆಯುತ್ತಾಳೆ. ಆಗ ಅವನು, ಭೂಲೋಕಕ್ಕಿಳಿದು ಜನರನ್ನು ಕಾಯೆಂದು ಅದನ್ನು ಕಳುಹಿಸುತ್ತಾನೆ. ಬೆಳೆಯನ್ನು ತಿಂದುದೇ ಬೆಳೆಯ ಕಾವಲಿಗೆ ನಿಂತಿತು! ಹಂದಿಯ ಕಾಟದಿಂದ ಬಳಲಿದ ಕೃಷಿಕನಲ್ಲದೆ ಬೇರಾರು ಇಂಥ ಕಲ್ಪನೆಯನ್ನು ಮಾಡಿಯಾರು?

ಹಾಡಿನ ಮಾತು ಹೇಳದಿರುವುದನ್ನು ದೃಶ್ಯವು ತೋರಿಸುತ್ತದೆ. ಮುಖಕ್ಕೆ ಅರದಾಳದ ಹಳದಿ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ಬೆನ್ನ ಹಿಂದೆ ಪ್ರಭಾವಳಿಯಂತೆ ಅಣಿ, ಕಾಲಿಗೆ ಗಗ್ಗರ. ಇವುಗಳನ್ನು ಧರಿಸುವವರು ಸಮಾಜವು ಬಹುಕಾಲ ಕೆಳಗಿರಿಸಿದ್ದ ನಲಿಕೆ, ಪರವ, ಪಂಬದ ಸಮುದಾಯಗಳವರು. ಹಗಲಿನಲ್ಲಿ ಗುತ್ತಿನ ಯಜಮಾನನ ಅಂಗಳದ ಹೊರಗೆ ನಿಲ್ಲಬೇಕಾಗಿದ್ದವನ ಮುಂದೆ, ಕೋಲದ ಇರುಳಿನಲ್ಲಿ, ಆ ಯಜಮಾನನೇ ಕೈಮುಗಿದು ನುಡಿಗಾಗಿ ಕಾಯುತ್ತಾನೆ. ಆ ನುಡಿಯಲ್ಲಿ ಭೂಮಿಯ ವ್ಯಾಜ್ಯ ಬರುತ್ತದೆ, ಅಣ್ಣತಮ್ಮಂದಿರ ಕಲಹ ಬರುತ್ತದೆ, ಅಭಯವೂ ಬರುತ್ತದೆ. ಚಿತ್ರದ ಅಂತ್ಯದಲ್ಲಿ ದೈವವು ಅರಣ್ಯಾಧಿಕಾರಿಯ ಕೈಯನ್ನೂ ಹಳ್ಳಿಯವರ ಕೈಗಳನ್ನೂ ಒಂದುಗೂಡಿಸಿ ಎದೆಗೆ ಒತ್ತಿಕೊಳ್ಳುತ್ತದೆ. ಕಾಡು ಯಾರದು ಎಂಬ ವ್ಯಾಜ್ಯಕ್ಕೆ ಅಲ್ಲಿ ಮಾತಿನ ತೀರ್ಪಿಲ್ಲ. ಆ ಅಪ್ಪುಗೆಯೇ ತೀರ್ಪು.

ಆದರೆ ಇರುಳು ಕಳೆದ ಮೇಲೆ? ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು 1933ರಷ್ಟು ಹಿಂದೆಯೇ ‘ಚೋಮನ ದುಡಿ’ಯಲ್ಲಿ ಈ ದೈವವನ್ನು ತಂದಿದ್ದಾರೆ. ತುಂಡು ನೆಲವನ್ನು ಉಳಲು ಹಂಬಲಿಸಿದ ಚೋಮನಿಗೆ, ಅವನ ಜಾತಿಯ ಕಾರಣದಿಂದ, ಅದು ದೊರೆಯುವುದಿಲ್ಲ. ನೆಲಕ್ಕಾಗಿ ಮತವನ್ನೇ ಬಿಡಲು ಹೊರಟವನನ್ನು ಪಂಜುರ್ಲಿಯ ಮೇಲಿನ ಭಯಭಕ್ತಿಯೇ ಹಿಂದಕ್ಕೆ ಸೆಳೆಯುತ್ತದೆ. ಭೂಮಿಯನ್ನು ಕಾಯುವ ದೈವ ಅವನನ್ನು ತನ್ನವನಾಗಿ ಉಳಿಸಿಕೊಂಡಿತು. ಭೂಮಿಯನ್ನು ಮಾತ್ರ ಕೊಡಲಿಲ್ಲ. ಚಿತ್ರದ ಅಪ್ಪುಗೆಯನ್ನು ನೋಡುವಾಗ ಚೋಮನನ್ನೂ ನೆನೆಯುವುದು ಒಳ್ಳೆಯದು.

‘ಕಾಂತಾರ’ ತೆರೆಕಂಡ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು ಅರುವತ್ತು ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಗಳ ಮಾಸಾಶನವನ್ನು ಘೋಷಿಸಿತು. ಅತ್ತ ಹಾಡಿನ ಜನಪ್ರಿಯತೆಯೊಡನೆ ವೇಷಸ್ಪರ್ಧೆಗಳಲ್ಲಿಯೂ ಸಮಾರಂಭಗಳಲ್ಲಿಯೂ ದೈವದ ಅನುಕರಣೆ ತೊಡಗಿತು. ಕೋಲ ಕಟ್ಟುವವರು ಇದನ್ನು ಆಕ್ಷೇಪಿಸಿದರು. ಅವರಿಗೆ ಗಗ್ಗರವು ಆಭರಣವಲ್ಲ. ಎಣ್ಣೆಬೂಳ್ಯವನ್ನು ಸ್ವೀಕರಿಸಿ, ವ್ರತನಿಯಮದಲ್ಲಿದ್ದು, ಊರಿನ ಸಮ್ಮುಖದಲ್ಲಿ ಅದನ್ನು ಕಾಲಿಗೆ ಕಟ್ಟಿಕೊಳ್ಳಬೇಕು. ಬೆಳಗಾದಾಗ ಅದನ್ನು ಬಿಚ್ಚಿ, ಅರದಾಳವನ್ನು ತೊಳೆದುಕೊಂಡು, ಅವರು ಮನೆಗೆ ನಡೆಯುತ್ತಾರೆ.