ಹಿಮದ ಇಳಿಜಾರಿನಲ್ಲಿ ಎಚ್ಚರಿಕೆ

ಹಿಮಾಲಯವೆಂಬ ಹೆಸರನ್ನು ಕೇಳಿದೊಡನೆಯೆ ನಮ್ಮ ಮನಸ್ಸಿನಲ್ಲಿ ಭಕ್ತಿಯೂ ಕುತೂಹಲವೂ ಒಟ್ಟಿಗೆ ಮೂಡುವುವು. ಹಿರಿಯರು ಬದರೀ ಕೇದಾರಗಳ ಯಾತ್ರೆಯನ್ನು ಚಳಿಗಾಲಕ್ಕೆ ಮೊದಲೇ ಮುಗಿಸಿ ಹಿಂದಿರುಗುತ್ತಿದ್ದರು. ಈಗಲಾದರೋ ನಮ್ಮ ಮನೆಗಳ ತರುಣ ತರುಣಿಯರು ಹಿಮವನ್ನು ನೋಡಬೇಕೆಂದೇ ಪುಷ್ಯ ಮಾಘ ಮಾಸಗಳಲ್ಲಿ ಕೇದಾರಕಂಠ, ಮನಾಲಿ, ಗುಲ್ಮಾರ್ಗಗಳಿಗೆ ಹೊರಡುವರು. ಈ ಉತ್ಸಾಹವು ಮೆಚ್ಚತಕ್ಕುದೇ. ಆದರೆ ಹಿಮವನ್ನೇ ಕಾಣದ ನಾಡಿನಲ್ಲಿ ಬೆಳೆದವರಿಗೆ ಅದರ ಸ್ವಭಾವವು ತಿಳಿದಿರುವುದಿಲ್ಲ. ಆದುದರಿಂದ ಹೊರಡುವವರೂ ಕಳುಹಿಸಿಕೊಡುವವರೂ ಹಿಮಕುಸಿತವೆಂಬ ಆಪತ್ತಿನ ವಿಷಯವಾಗಿ ಕೆಲವು ಸಂಗತಿಗಳನ್ನು ಅರಿತಿರುವುದು ಆವಶ್ಯಕ.

ಬೆಟ್ಟದ ಮೇಲಣ ಹಿಮವು ಒಂದೇ ರಾಶಿಯೆಂದು ಭಾವಿಸಬಾರದು. ಪ್ರತಿಸಲ ಬಿದ್ದ ಹಿಮವೂ ಒಂದೊಂದು ಪದರವಾಗಿ ನೆಲೆಸುವುದು. ನೆಲವು ತುಸು ಬೆಚ್ಚಗಿದ್ದು ಮೇಲಣ ಗಾಳಿಯು ಬಹು ಶೀತಲವಾಗಿದ್ದರೆ, ಒಳಗಿನ ಪದರವು ಆವಿಯ ಸಂಚಾರದಿಂದ ಸಕ್ಕರೆಯ ಹರಳುಗಳಂತಾಗಿ ಅಂಟನ್ನು ಕಳೆದುಕೊಳ್ಳುವುದು. ಅದರ ಮೇಲೆ ಗಾಳಿಯು ಹೊಸ ಹಿಮವನ್ನು ತಂದು ಒತ್ತಿ, ಚಪ್ಪಡಿಯಂತೆ ಹಾಸುವುದು. ಕಣ್ಣಿಗೆ ಎಲ್ಲವೂ ಪ್ರಶಾಂತವಾಗಿ ತೋರುವುದು. ಅಂತಹ ಸ್ಥಳದಲ್ಲಿ ಒಬ್ಬ ಮನುಷ್ಯನ ಭಾರ ಬಿದ್ದರೂ ಸಾಕು. ಒಳಪದರವು ಕುಸಿದು ಮೇಲಣ ಚಪ್ಪಡಿಯು ಸೀಳಿ, ಗಂಟೆಗೆ ೧೦೦ ಕಿಲೋಮೀಟರನ್ನು ಮೀರಿದ ವೇಗದಿಂದ ಕೆಳಗುರುಳಬಹುದು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕುದೊಂದುಂಟು. ವಿಹಾರಕ್ಕೆಂದು ಹೋಗಿ ಹಿಮಕುಸಿತದಲ್ಲಿ ಮಡಿದವರ ಪೈಕಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಮೇಲೆ ಬಿದ್ದ ಹಿಮವು ಅವರ ಅಥವಾ ಅವರ ಸಂಗಡಿಗರ ತುಳಿತದಿಂದಲೇ ಜಾರಿದುದು. ಆದುದರಿಂದ ಇದನ್ನು ಕೇವಲ ದೈವದ ಮೇಲೆ ಹೊರಿಸಿ ಸುಮ್ಮನಿರಲಾಗದು. ೩೦ರಿಂದ ೪೫ ಡಿಗ್ರಿಗಳವರೆಗಿನ ಇಳಿಜಾರುಗಳೇ ಬಹಳ ಅಪಾಯಕರ; ಅವುಗಳ ಬುಡದ ಸಮನೆಲವೂ ಸುರಕ್ಷಿತವಲ್ಲ. ವಿಪುಲವಾಗಿ ಹಿಮ ಬಿದ್ದ ಬಳಿಕ ಒಂದೆರಡು ದಿನಗಳೂ, ಬಿಸಿಲೇರಿ ಹಿಮವು ತೊಯ್ಯುವ ವೇಳೆಯೂ ಹೆಚ್ಚಿನ ಎಚ್ಚರವನ್ನು ಬೇಡುವುವು. ಸಮೀಪದಲ್ಲಿ ಆಗಲೇ ಹಿಮ ಜಾರಿದ ಗುರುತು, ಪಾದದ ಬಳಿಯಿಂದ ಓಡುವ ಬಿರುಕು, ಅಡಿಯಲ್ಲಿ ಗುಮ್ಮೆಂಬ ಸದ್ದು, ಇವುಗಳಲ್ಲಿ ಯಾವುದೊಂದು ಕಂಡರೂ ಕೇಳಿದರೂ ಆ ಇಳಿಜಾರನ್ನು ಒಡನೆಯೇ ಬಿಡತಕ್ಕುದು.

ಹಿಮದಲ್ಲಿ ಹೂತುಹೋದವನಿಗೆ ಕಾಲವೇ ಪ್ರಾಣ. ಹತ್ತು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುವರು. ಅರ್ಧ ಗಂಟೆ ಕಳೆದರೆ ಬದುಕುವವರು ಮೂರರಲ್ಲಿ ಒಬ್ಬರು ಮಾತ್ರ. ಧಾರವಾಡ ಜಿಲ್ಲೆಯ ಬೆಟದೂರಿನ ವೀರಯೋಧ ಹನುಮಂತಪ್ಪ ಕೊಪ್ಪದರನ್ನು ಕನ್ನಡಿಗರು ಮರೆತಿಲ್ಲ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ನಿನಲ್ಲಿ, ಸುಮಾರು ೧೯,೬೦೦ ಅಡಿಗಳ ಎತ್ತರದ ಠಾಣೆಯ ಮೇಲೆ ಹಿಮವು ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಫೆಬ್ರವರಿ ೮ರಂದು ಅವರೊಬ್ಬರೇ ಜೀವಂತರಾಗಿ ದೊರೆತರು. ೧೧ರಂದು ದೆಹಲಿಯ ಆಸ್ಪತ್ರೆಯಲ್ಲಿ ಅಸುನೀಗಿದರು. ಅಂತಹ ಬದುಕು ಅತ್ಯಪೂರ್ವವಾದುದು. ಅದನ್ನು ನೆಚ್ಚಿ ಯಾರೂ ಹೊರಡುವಂತಿಲ್ಲ.

ದೂರದಿಂದ ಬರುವ ನೆರವು ಸಾಮಾನ್ಯವಾಗಿ ವೇಳೆ ಮೀರಿದ ಮೇಲೆಯೇ ಬರುವುದು. ಪಕ್ಕದಲ್ಲಿರುವ ಸಂಗಡಿಗರೇ ರಕ್ಷಕರು. ಆದುದರಿಂದ ಹೂತವನ ನೆಲೆಯನ್ನು ತಿಳಿಸುವ ಟ್ರಾನ್ಸೀವರ್ ಎಂಬ ಚಿಕ್ಕ ಯಂತ್ರ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು, ತೋಡುವ ಸಲಿಕೆ, ಈ ಮೂರೂ ಪ್ರತಿಯೊಬ್ಬರಲ್ಲಿಯೂ ಇರಬೇಕು. ಅವುಗಳ ಬಳಕೆಯ ಅಭ್ಯಾಸವೂ ಇರಬೇಕು. ಸಂಶಯದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟುವುದು, ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ನೋಡುತ್ತಿರುವುದು ಕ್ರಮ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಕೇಂದ್ರವೊಂದು ಹಿಮಾಲಯದ ಹಿಮಕುಸಿತಗಳ ಮುನ್ಸೂಚನೆಯನ್ನು ಹೊರಡಿಸುತ್ತದೆ. ಆಲ್ಪ್ಸ್ ಪರ್ವತಗಳಲ್ಲಿ ಅಪಾಯವನ್ನು ಒಂದರಿಂದ ಐದರವರೆಗೆ ಎಣಿಸುವರು. ಸ್ವಿಟ್ಜರ್ಲೆಂಡಿನಲ್ಲಿ ಅತಿ ಹೆಚ್ಚು ಮರಣಗಳು ಸಂಭವಿಸುವುದು ಮೂರನೆಯ ಮಟ್ಟದಲ್ಲಿ! ಐದೆಂದರೆ ಅಂಜಿ ಮನೆಯಲ್ಲಿರುವವರು ಮೂರೆಂದರೆ ಧೈರ್ಯಗೊಂಡು ಹೊರಡುವರು.

ಮಕ್ಕಳನ್ನು ಕಳುಹಿಸುವ ಹಿರಿಯರು ಉಣ್ಣೆಯ ಬಟ್ಟೆ, ತಿಂಡಿಯ ಡಬ್ಬಗಳ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಲಿ: ಇಂದಿನ ಮುನ್ಸೂಚನೆಯೇನು? ಹೂತವರನ್ನು ತೆಗೆಯುವ ಸಾಧನಗಳು ಯಾರ ಬಳಿಯಿವೆ? ಹಿಂದಿರುಗೋಣವೆಂದು ಒಬ್ಬರು ಹೇಳಿದರೆ ಉಳಿದವರು ಕೇಳುವರೇ? ಮೂರನೆಯದಕ್ಕೆ ಹೌದೆಂಬ ಉತ್ತರ ಬಾರದಿದ್ದರೆ ಆ ತಂಡದೊಡನೆ ಕಳುಹಿಸದಿರುವುದೇ ಲೇಸು.