ಕಲಿಸಹೋದವರು ಕಲಿತ ಪಾಠ

ಪರದೇಶಕ್ಕೆ ಹೋಗಿ, ಸಂಬಳವನ್ನು ಬಯಸದೆ, ಅಲ್ಲಿಯ ಮಕ್ಕಳಿಗೆ ಇಂಗ್ಲಿಷು ಕಲಿಸುವುದು ಪುಣ್ಯಕಾರ್ಯವೆಂದು ಅನೇಕರು ಭಾವಿಸುವರು. ನಾವು ದಂಪತಿಗಳೂ ಹಾಗೆಯೇ ಭಾವಿಸಿ ಪೂರ್ವ ಆಫ್ರಿಕದ ಟಾಂಜಾನಿಯ ದೇಶಕ್ಕೆ ಹೊರಟೆವು. ಕಿಲಿಮಂಜಾರೋ ಪರ್ವತದ ತಪ್ಪಲಿನ ಒಂದು ಪ್ರೌಢಶಾಲೆಯಲ್ಲಿ ಒಂದು ವರ್ಷ ಕಾಲ ಸ್ವಯಂಸೇವಕರಾಗಿದ್ದೆವು. ತಮ್ಮ ಮಕ್ಕಳನ್ನು ಇಂತಹ ಸೇವೆಗೆ ಕಳುಹಿಸಬಹುದೇ ಎಂದು ನಮ್ಮನ್ನು ಕೇಳುವ ಗೃಹಸ್ಥರುಂಟು. ಅವರಿಗಾಗಿ ಈ ನಾಲ್ಕು ಮಾತುಗಳು.

ಮೊದಲ ದಿನವೇ ನಮಗೆ ಭಂಗವಾಯಿತು. "ನಾಳೆ ಎರಡು ಗಂಟೆಗೆ ಬನ್ನಿ" ಎಂದು ಸ್ವಾಹಿಲಿಯಲ್ಲಿ ಹೇಳಿಕಳುಹಿಸಿದ್ದರು. ನಾವು ಊಟ ಮುಗಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಹೋದರೆ, ಮಕ್ಕಳು ಬೆಳಗಿನ ಎಂಟರಿಂದ ನಮಗಾಗಿ ಕಾದಿದ್ದರು! ಆ ಭಾಷೆಯಲ್ಲಿ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುವರು. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಉದಯದಿಂದ ಘಳಿಗೆಗಳನ್ನೆಣಿಸುವ ಪಂಚಾಂಗದ ಮನೆಗಳಲ್ಲಿ ಬೆಳೆದ ನಮಗೂ ಇದು ಹೊಳೆಯಲಿಲ್ಲ. ಮುಖ್ಯೋಪಾಧ್ಯಾಯರು ಸಿಟ್ಟಾಗದೆ "ಪೋಲೆ" ಎಂದರು. ಪರರ ಕಷ್ಟಕ್ಕೆ ಮರುಗುವಾಗ ಅಲ್ಲಿಯ ಜನ ಆಡುವ ಮಾತು ಅದು. ಅಂದಿನಿಂದಲೇ ನಾವು ಸ್ವಾಹಿಲಿಯ ವಿದ್ಯಾರ್ಥಿಗಳಾದೆವು.

ಈ ಭಾಷೆಯ ಹೆಸರು ಕರಾವಳಿ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದುದು. ವ್ಯಾಕರಣವು ಆಫ್ರಿಕದ ಬಾಂಟು ಭಾಷೆಗಳದು. ಶಬ್ದಗಳಲ್ಲಿ ಅನೇಕವು ಕಡಲು ದಾಟಿ ಬಂದವು. ಹಿಸಾಬಿಗೆ ಹೆಸಾಬು, ಸರ್ಕಾರಕ್ಕೆ ಸೆರಿಕಾಲಿ, ವಿಮೆಗೆ ಬೀಮಾ, ಚಪಾತಿಗೆ ಚಪಾತಿಯೇ! ಕನ್ನಡದಂತೆ ಅಲ್ಲಿಯೂ ಪದಗಳು ಸ್ವರದಲ್ಲಿಯೇ ಮುಗಿಯುವುವು. ವರ್ಣಮಾಲೆಯಲ್ಲಿ ಕಲಿತು ಬಳಿಕ ಮರೆತುಬಿಡುವ ನಮ್ಮ ಙಕಾರವೂ ಅಲ್ಲಿ ಉಪಯೋಗಕ್ಕೆ ಬರುವುದು: ಹಸುವಿಗೆ ಅವರು ಙೊಂಬೆ ಎನ್ನುವರು.

ಕಷ್ಟವಿರುವುದು ನಾಮಪದಗಳ ವರ್ಗಗಳಲ್ಲಿ. ಮ್ಟು ಎಂದರೆ ಮನುಷ್ಯ, ವಾಟು ಎಂದರೆ ಮನುಷ್ಯರು. ಬಹುವಚನದ ಗುರುತು ಪದದ ಮೊದಲಿಗೇ ಬರುವುದು. ಅರಬ್ಬಿಯಿಂದ ಬಂದ ಕಿತಾಬು ಶಬ್ದವನ್ನೂ ಅವರು ಬಿಡಲಿಲ್ಲ. ಅದರ 'ಕಿ'ಯನ್ನು ತಮ್ಮ ಪ್ರತ್ಯಯವೆಂದೇ ಎಣಿಸಿ, ಪುಸ್ತಕಗಳಿಗೆ ವಿತಾಬು ಎಂದರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ನಾಡಿನಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. ಅವನ್ನಾಡುವವರನ್ನೆಲ್ಲ ಒಂದುಗೂಡಿಸುವುದು ಸ್ವಾಹಿಲಿ. ಮೊದಲ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆಯವರು ಸ್ವತಃ ಉಪಾಧ್ಯಾಯರಾಗಿದ್ದವರು. ಜನ ಅವರನ್ನು 'ಮ್ವಾಲಿಮು', ಅಂದರೆ ಗುರು ಎಂದೇ ಕರೆದರು. ಅವರು ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಿರುಗಿಸಿ 1963ರಲ್ಲಿ ಪ್ರಕಟಿಸಿದರು. ಸರ್ಕಾರಿ ಪ್ರಾಥಮಿಕ ಶಾಲೆಗಳ ಪಾಠವೆಲ್ಲ ಈ ಭಾಷೆಯಲ್ಲಿಯೇ. ಇಂಗ್ಲಿಷು ಅಲ್ಲಿ ಒಂದು ವಿಷಯ ಮಾತ್ರ. ಆದರೆ ಪ್ರೌಢಶಾಲೆಯ ಹೊಸ್ತಿಲು ದಾಟಿದೊಡನೆಯೇ ಗಣಿತ, ವಿಜ್ಞಾನ, ಭೂಗೋಳಗಳೆಲ್ಲ ಇಂಗ್ಲಿಷಿಗೆ ತಿರುಗುವುವು. ನಿನ್ನೆಯವರೆಗೆ ಚಟಪಟನೆ ಉತ್ತರ ಹೇಳುತ್ತಿದ್ದ ಮಗು ಇಂದು ಮೂಕವಾಗುವುದು. ಕನ್ನಡ ಶಾಲೆಯಿಂದ ಇಂಗ್ಲಿಷು ಕಾಲೇಜಿಗೆ ಹೋದ ವಾಚಕರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಇಂತಹ ಹುಡುಗನೊಬ್ಬನಿದ್ದನು. ಮೂರು ತಿಂಗಳು ಅವನು ಬಾಯಿ ತೆರೆಯಲಿಲ್ಲ. ಮಂದಬುದ್ಧಿಯೆಂದು ನಾವು ತೀರ್ಮಾನಿಸಿಬಿಟ್ಟಿದ್ದೆವು; ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ದಿನ ಸ್ವಾಹಿಲಿಯನ್ನು ಪ್ರಯೋಗಿಸುವ ಉತ್ಸಾಹದಲ್ಲಿ 'ನನ್ನ ಪುಸ್ತಕ' ಎನ್ನಲು "ಕಿತಾಬು ಯಾಂಗು" ಎಂದೆವು. ತರಗತಿ ಗೊಳ್ಳೆಂದು ನಕ್ಕಿತು. ಆ ಹುಡುಗ ಎದ್ದು ನಿಂತು, "ಚಾಂಗು, ಮ್ವಾಲಿಮು, ಕಿತಾಬು ಚಾಂಗು" ಎಂದು ತಿದ್ದಿದನು. ನಾವು ತಪ್ಪೊಪ್ಪಿಕೊಂಡು, ಅವನು ಹೇಳಿದಂತೆಯೇ ಹಲಗೆಯ ಮೇಲೆ ಬರೆದೆವು. ಬಳಿಕ, ಮಳೆ ಹೇಗೆ ಬರುವುದೆಂದು ಸ್ವಾಹಿಲಿಯಲ್ಲಿಯೇ ಹೇಳೆಂದೆವು. ಹಬೆಯೇಳುವುದು ಮೊದಲ್ಗೊಂಡು ಮೋಡ ಕವಿದು ಹನಿಯುವವರೆಗೆ ಎಲ್ಲವನ್ನೂ ತಡೆಯಿಲ್ಲದೆ ಹೇಳಿದನು. ಜ್ಞಾನಕ್ಕೆ ಕೊರತೆಯಿರಲಿಲ್ಲ, ತಪ್ಪಿದರೆ ನಗುವರೆಂಬ ಭಯವಿತ್ತು. ಗುರುವೂ ತಪ್ಪುವನೆಂದು ಕಂಡ ಮೇಲೆ ಆ ಭಯ ಸಡಿಲಿತು. ಮರುವಾರ ಅವನೇ ಎರಡು ಇಂಗ್ಲಿಷು ವಾಕ್ಯಗಳನ್ನು, ತಪ್ಪುಗಳೊಡನೆಯೇ, ಗಟ್ಟಿಯಾಗಿ ಹೇಳಿದನು.

ಆದುದರಿಂದ ಹೋಗಬಯಸುವ ತರುಣರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಎರಡು ವಾರಗಳ ವಿಹಾರಕ್ಕೆ ಸೇವೆಯೆಂದು ಹೆಸರಿಡಬೇಡಿರಿ. ಮಕ್ಕಳಿಗೆ ನಿಮ್ಮ ಹೆಸರು ಬಾಯಿಗೆ ಬರುವುದರೊಳಗೆ ನೀವು ಹೊರಟುಬಿಡುವಿರಿ. ಸ್ಥಳೀಯ ಉಪಾಧ್ಯಾಯರ ಪೀಠದಲ್ಲಿ ಕೂರದೆ ಅವರ ಪಕ್ಕದಲ್ಲಿ ನಿಲ್ಲಿರಿ. ಹಿರಿಯರನ್ನು ಕಂಡರೆ "ಶಿಕಮೂ" ಎಂದು ವಂದಿಸಿರಿ. "ಮರಹಬಾ" ಎಂಬ ಅವರ ಪ್ರತಿವಚನವು ಆಶೀರ್ವಾದದಂತಿರುವುದು. ಹೊರಡುವ ಮೊದಲೇ ಸ್ವಾಹಿಲಿಯನ್ನು ಸ್ವಲ್ಪವಾದರೂ ಕಲಿಯಿರಿ. ಮಿಕ್ಕುದನ್ನು ಆ ಮಕ್ಕಳೇ ಕಲಿಸುವರು.

ನಾವು ಹೊರಟ ದಿನ ಆ ಹುಡುಗ ತನ್ನ ಹಳೆಯ ಸ್ವಾಹಿಲಿ ಓದುಪುಸ್ತಕವನ್ನು ನಮ್ಮ ಕೈಗಿತ್ತನು. ಅದು ಇಂದಿಗೂ ನಮ್ಮ ಮನೆಯ ಪುಸ್ತಕದ ಗೂಡಿನಲ್ಲಿದೆ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ "ಕಿತಾಬು ಚಾಂಗು" ಎಂದು ಸರಿಯಾಗಿಯೇ ಹೇಳಿಕೊಳ್ಳುತ್ತೇವೆ.